ಗೊರಕೆ ಕಾದ ಕಲ್ಲಪ್ಪ

ಕಲ್ಲಪ್ಪನಿಗೆ ನಲವತ್ತು ವರ್ಷ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತಾಯಿ ಶಂಕ್ರವ್ವ ಖಾನಾವಳಿಗೆ ರೊಟ್ಟಿ ಬಡಿದು ಅವನನ್ನು ಸಾಕುತ್ತಿದ್ದಳು.

ಅವಳಿಗೆ ನಿದ್ದೆಯಿಲ್ಲ. ರಾತ್ರಿಯೆಲ್ಲ ಮತ್ತೆ ಮತ್ತೆ ಎಚ್ಚರ, ಹಗಲೆಲ್ಲ ತೂಕಡಿಕೆ. ಒಲೆಯ ಮುಂದೆ ತೂಕಡಿಸಿ ಎರಡು ಸಲ ಕೈ ಸುಟ್ಟುಕೊಂಡಳು. ಮೂರನೆಯ ಸಲ ಸೆರಗಿಗೇ ಬೆಂಕಿ ತಾಗಿತು.

"ಕಲ್ಲ್ಯಾ, ಡಾಕ್ಟರ ಕಡೆ ಹೋಗಿ ನಿದ್ದಿ ಗುಳಿಗಿ ತಗೊಂಡು ಬಾ."

ಹೋದ. ಡಾಕ್ಟರು ಕೊಡಲಿಲ್ಲ.

"ನಿಮ್ಮವ್ವ ಗೊರಕಿ ಹೊಡೀತಾಳೇನು?"

"ಹೊಡೀತಾಳ್ರಿ. ಹಿಟ್ಟಿನ ಗಿರಣಿ ನಡದಂಗ!"

"ಹಂಗಾದ್ರ ಗುಳಿಗಿ ಬ್ಯಾಡ. ಆಕಿ ಮಲಗಿದಾಗ ನೋಡು. ಉಸಿರು ನಿಂತ್ರ ಬಂದು ಹೇಳು."

ಸಂಜೆ ಶಂಕ್ರವ್ವ ಅಡ್ಡಾದಳು. ಗೊರಕೆ ಹತ್ತಿತು. ನಿಂತಿತು. ಉಸಿರೂ ಇಲ್ಲ! ಕಲ್ಲಪ್ಪ ಓಡಿದ.

"ಡಾಕ್ಟರ್ರೀ, ನಿಂತೈತಿ!"

"ಆಕಿನ್ನ ಹಂಗೇ ಬಿಟ್ಟು ಬಂದಿಯೇನೋ ದಡ್ಡಾ! ಉಸಿರು ನಿಂತ್ರ ಮೊದಲು ಹಿಡಿದು ಅಲ್ಲಾಡಿಸಬೇಕು!"

ಮನೆಗೆ ಓಡಿದ. ಎದುರು ಮನೆಯ ಕಟ್ಟೆಯ ಮೇಲೆ ರಾಘಪ್ಪ ಮಾಸ್ತರು ಕಣ್ಣು ಮುಚ್ಚಿ, ಮೂಗು ಹಿಡಿದು ಕೂತಿದ್ದರು. ಉಸಿರಿಲ್ಲ! "ನಮ್ಮವ್ವನ ಗೊರಕಿ ನಿಂತಂಗ ನಿಮ್ಮ ಉಸಿರೂ ನಿಂತೈತ್ರೀ!" ಎಂದು ಕಲ್ಲಪ್ಪ ಭುಜ ಹಿಡಿದು ಅಲ್ಲಾಡಿಸಿದ. ಮಾಸ್ತರು ಉರುಳಿ ಎಮ್ಮೆಯ ಕಲಗಚ್ಚಿನ ಬಾನಿಗೆ ಬಿದ್ದರು.

"ಪ್ರಾಣಾಯಾಮ ಮಾಡಾಕತ್ತಿದ್ದೆ, ಮೂರ್ಖಾ! ಮೂಗು ನೋಡಬ್ಯಾಡ, ಸಪ್ಪಳ ಕೇಳು! ಗೊರಕಿ ನಿಂತ್ರ ಅಲ್ಲಾಡಿಸು!"

ತನ್ನ ಮನೆಯೊಳಗೆ ಹೋದರೆ ಶಂಕ್ರವ್ವ ಏದುಸಿರು ಬಿಡುತ್ತ ಎದ್ದು ಕೂತಿದ್ದಳು.

ಮರುದಿನ ಡಾಕ್ಟರು ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ ತಪಾಸಣೆ ಮಾಡಿಸಿದರು. ಬಂದ ಮೇಲೆ ಒಂದು ಯಂತ್ರ ಕೊಟ್ಟರು.

"ಮಲಗಿದಾಗ ನಿನ್ನ ಗಂಟಲು ಮುಚ್ಚತೈತಿ, ಉಸಿರು ಕಟ್ಟತೈತಿ. ಕಟ್ಟಿದಾಗೆಲ್ಲ ಎಚ್ಚರ ಆಗತೈತಿ. ನಿದ್ದಿ ಎಲ್ಲಿಂದ ಬರಬೇಕು? ಇದನ್ನ ಮೂಗಿಗೆ ಹಾಕ್ಕೊಂಡು ಮಲಗು. ಗಾಳಿ ಒತ್ತಿ ದಾರಿ ತೆರೆದಿಡತೈತಿ."

ಹಾಕಿಕೊಂಡು ಮಲಗಿದಳು. ಕಣ್ಣು ಹತ್ತಿತು. ಗೊರಕೆಯೇ ಇಲ್ಲ!

ಕಲ್ಲಪ್ಪ ಅಲ್ಲಾಡಿಸಿದ. "ಯವ್ವಾ, ಗೊರಕಿ ನಿಂತೈತಿ!"

"ಅಯ್ಯೋ ಹಾಟ್ಯಾ! ಎಷ್ಟು ವರ್ಷದ ಮ್ಯಾಲೆ ನಿದ್ದಿ ಬಂದಿತ್ತಲ್ಲೋ!"

ಮತ್ತೆ ಮಲಗಿದಳು. ಮತ್ತೆ ಅಲ್ಲಾಡಿಸಿದ. ಮತ್ತೆ ಮಲಗಿದಳು. ಮತ್ತೆ ಅಲ್ಲಾಡಿಸಿದ.

"ಗೊರಕಿ ಬೇಕಂದ್ರ ನೀನ ಹೊಡಕೋ! ನನ್ನ ಮುಟ್ಟಬ್ಯಾಡ!"

ಮುಟ್ಟಲಿಲ್ಲ. ಅವಳ ಕಿವಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಬಿಟ್ಟುಕೊಂಡೇ ಬೆಳತನಕ ಗೊರಕೆ ಹೊಡೆದ.

ಬೆಳಿಗ್ಗೆ ಡಾಕ್ಟರು ಕೇಳಿದರು, "ಹೆಂಗೈತಿ ಯಂತ್ರ? ಗೊರಕಿ ನಿಂತಿತೇನು?"

ಕಲ್ಲಪ್ಪ ಎದೆಯುಬ್ಬಿಸಿ ಹೇಳಿದ, "ನಿಲ್ಲಾಕ ಎಲ್ಲಿ ಬಿಟ್ಟೀನ್ರೀ!"