ಎಲ್ಲಕ್ಕೂ ಹೂಂ ಎಂದ ಹಲ್ಲಿ

ಶಿವನು ಹಲ್ಲಿಗೆ ಕೊಟ್ಟದ್ದು ಒಂದೇ ಮಾತು. ಅದು ಲೊಚಗುಟ್ಟಿದರೆ ಆಗ ಆಡಿದ ಮಾತು ಸತ್ಯವೆಂದು ನಮ್ಮ ಜನ ನಂಬುತ್ತಾರೆ.

ಹಂಪವ್ವನ ಮನೆಯ ಟಿ.ವಿ. ಹಿಂದೆ ಅಂಥದೊಂದು ಹಲ್ಲಿ ಇತ್ತು. ಬೆಳಿಗ್ಗೆ ಸರಕಾರಿ ಚಾನೆಲ್ಲಿನ ಭಜನೆಯಲ್ಲಿ "ದೇವನೊಬ್ಬನೇ" ಎನ್ನುತ್ತಲೇ ಅದು ಲೊಚಗುಟ್ಟಿತು. "ಶಿವಶಿವಾ, ಖರೇ ಐತಿ!" ಎಂದು ಹಂಪವ್ವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಲ್ಲಿಗೆ ಆ ಮರ್ಯಾದೆ ಬಲು ರುಚಿಸಿತು. ಆಮೇಲೆ ಕೃಷಿ ಕಾರ್ಯಕ್ರಮದವರು ಬೇವಿನ ಹಿಂಡಿ ಹೊಗಳಿದರೂ ಲೊಚಗುಟ್ಟಿತು. ಚರ್ಚೆಯಲ್ಲಿ ಜಗಳಕ್ಕೆ ಬಿದ್ದ ಇಬ್ಬರಿಗೂ ಲೊಚಗುಟ್ಟಿತು. ಹಲ್ಲುಪುಡಿಯ ಜಾಹೀರಾತನ್ನೂ ಬಿಡಲಿಲ್ಲ.

"ಏನು ಹಲ್ಲಿಯಕ್ಕ, ಎಲ್ಲರಿಗೂ ಸಾಕ್ಷಿ ಹೇಳುತ್ತೀಯಲ್ಲ?" ಎಂದಿತು ಗೋಡೆಯ ಗಡಿಯಾರ.

"ಯಾರ ಮನಸ್ಸನ್ನೂ ನೋಯಿಸಬಾರದಪ್ಪ," ಎಂದಿತು ಹಲ್ಲಿ.

ಮಧ್ಯಾಹ್ನದ ವಾರ್ತೆಯ ಕೊನೆಗೆ, "ಸಂಜೆಯೊಳಗೆ ಜೋರು ಮಳೆ" ಎಂದರು. ಮಾಳಿಗೆಯ ಮೇಲೆ ವರ್ಷದ ಖಾರಕ್ಕೆಂದು ಮೆಣಸಿನಕಾಯಿ ಒಣಗುತ್ತಿತ್ತು. ಕಿಟಕಿಯಲ್ಲಿ ಮೋಡ ಕಂಡ ಹಲ್ಲಿ ಇದ್ದ ಶಕ್ತಿಯೆಲ್ಲ ಹಾಕಿ ಲೊಚಗುಟ್ಟಿತು.

ಹಂಪವ್ವ ನಕ್ಕಳು. "ಸುಮ್ಕಿರು, ಹಲ್ಲುಪುಡಿಗೂ ಹೂಂ ಅಂದಾಕಿ ನೀನು!" ಎಂದು ಟಿ.ವಿ. ದನಿ ಏರಿಸಿ ಹಾಡು ಕೇಳುತ್ತ ಕೂತಳು.

ಹಾಡು ಮುಗಿಯುವುದರೊಳಗೆ ಮಳೆ ಸುರಿಯಿತು. ಹಂಪವ್ವ ಬಾಯಿ ಬಡಿದುಕೊಳ್ಳುತ್ತ ಮಾಳಿಗೆಗೆ ಓಡುವಷ್ಟರಲ್ಲಿ ಮೆಣಸಿನಕಾಯಿ ನೀರಿನಲ್ಲಿ ತೇಲುತ್ತಿತ್ತು.

"ನಾನು ಹೇಳಿದ್ದು ಸತ್ಯವೇ ಆಗಿತ್ತಲ್ಲಪ್ಪ!" ಎಂದು ಹಲ್ಲಿ ಮರುಗಿತು.

"ಸತ್ಯ ದೇವರದು, ಅದಕ್ಕೇನೂ ಆಗಿಲ್ಲ," ಎಂದಿತು ಗಡಿಯಾರ. "ನಿನ್ನ ಮಾತನ್ನು ಮಾತ್ರ ನೀನೇ ಬೆಳಿಗ್ಗೆಯಿಂದ ಹಂಚಿ ಮುಗಿಸಿದ್ದೆ, ಅಕ್ಕ."