ಕೌದಿಯ ಮೂಲೆಯ ಸೂಜಿ

ಮುತ್ತಲಕೊಪ್ಪದ ವಿರಕ್ತಮಠದ ಪೂಜ್ಯ ಅಡವಿಲಿಂಗ ಸ್ವಾಮಿಗಳವರಿಗೆ ಆಗ ಎಂಬತ್ತು ದಾಟಿತ್ತು. ಮಠವೆಂದರೆ ಹೆಂಚಿನ ಎರಡು ಕೋಣೆ, ಮುಂದೊಂದು ಪಡಸಾಲೆ. ಆ ಪಡಸಾಲೆಯಲ್ಲಿ ಶ್ರೀಗಳು ಮೂರು ದಿನದಿಂದ ಹಳೆಯ ಬಟ್ಟೆಗಳ ರಾಶಿಯ ಮುಂದೆ ಕುಳಿತಿದ್ದರು. ಸಮುದ್ರದಾಚೆಯ ಒಂದು ಬೆಟ್ಟದ ನಾಡಿನಲ್ಲಿ ಭೂಕಂಪವಾಗಿ, ಬದುಕುಳಿದವರು ಬಯಲಲ್ಲಿ ಚಳಿಗೆ ನಡುಗುತ್ತಿದ್ದರು. ಹೊದಿಕೆ ಬೇಕೆಂದು ಅಲ್ಲಿಂದ ಕೇಳಿಕೆ ಬಂದಿತ್ತು. ಮನೆಯಲ್ಲಿರುವ ಬಟ್ಟೆ ಕೊಡಿ, ಕೌದಿ ಹೊಲಿಸಿ ಕಳಿಸೋಣ ಎಂದು ಶ್ರೀಗಳು ಅಪ್ಪಣೆ ಮಾಡಿದ್ದರು.

ಭಕ್ತರೆನಿಸಿಕೊಂಡ ನಾವು ಕೊಟ್ಟಿದ್ದೇನು? ನೆನೆದರೆ ಇಂದಿಗೂ ತಲೆ ತಗ್ಗುತ್ತದೆ. ಹರಿದ ಬನಿಯನ್, ಎಣ್ಣೆ ಕುಡಿದ ದಿಂಬಿನ ಚೀಲ, ತೋಳಿಲ್ಲದ ಅಂಗಿ. ನನ್ನ ಮದುವೆಯ ಕೋಟನ್ನು ನುಸಿ ಅರ್ಧ ತಿಂದಿತ್ತು. ಉಳಿದರ್ಧವನ್ನು ನಾನು ಧರ್ಮಕ್ಕೆ ಕೊಟ್ಟಿದ್ದೆ. ಊರಿನ ಅಟ್ಟಗಳೆಲ್ಲ ಸ್ವಚ್ಛವಾದವು. ಶ್ರೀಗಳು ಒಂದೊಂದನ್ನೇ ಬಿಡಿಸಿ ನೋಡಿ ಆರಿಸುತ್ತಿದ್ದರು. ಅವರ ಬೆನ್ನು ಬಾಗಿತ್ತು, ಕಣ್ಣು ಸೋತಿದ್ದವು. ಬರೀ ನೋಡುತ್ತಿದ್ದ ನಮಗೂ ಸಾಕಾಗಿಹೋಗಿತ್ತು.

ಇನ್ನೊಂದು ತೊಡಕೂ ಇತ್ತು. ಕೌದಿಗೆ ಪದರ ಹಾಸುವುದರಲ್ಲಿ, ಹೊಳೆಯ ನೆರೆಗೆ ಊರು ಕಳೆದುಕೊಂಡು ನಮ್ಮಲ್ಲಿಗೆ ಬಂದು ನೆಲೆಸಿದ್ದ ನೀಲಗಂಗವ್ವನದು ಎತ್ತಿದ ಕೈ. ಆಕೆ ಕೂತರೆ ಊರ ಹೆಂಗಸರೆಲ್ಲ ಕೂರುತ್ತಿದ್ದರು. ಆಕೆಯೇ ಬರಲೊಲ್ಲೆ ಎಂದುಬಿಟ್ಟಿದ್ದಳು. ಲಾರಿ ಬಂದರಿಗೆ ಹೊರಡಲು ಹತ್ತೇ ದಿನ ಉಳಿದಿದ್ದವು.

ನಾಲ್ಕನೆಯ ದಿನ ಮಧ್ಯಾಹ್ನ ಆಕೆ ತಾನಾಗಿ ಬಂದಳು. ನಮಸ್ಕರಿಸಲಿಲ್ಲ. ಸೆರಗಿನೊಳಗಿಂದ ಎರಡು ಚಪ್ಪಲಿ ತೆಗೆದು ಶ್ರೀಗಳ ಮುಂದಿಟ್ಟಳು. ಎರಡೂ ಎಡಗಾಲಿನವು.

"ನಮ್ಮೂರು ಹೊಳಿ ಪಾಲಾದಾಗ ನನಗ ಬಂದ ಧರ್ಮ ಇದು, ಅಜ್ಜಾರ," ಎಂದಳು. "ಹದಿನಾಕು ವರ್ಷ ಇಟಗೊಂಡೀನಿ. ಲಾರಿ ಮ್ಯಾಲಿಂದ ಒಗದ್ರು, ಕೆಸರಾಗ ಬಿದ್ದು ಆರಿಸಿಕೊಂಡ್ವಿ. ಕೊಟ್ಟವರು ಫೋಟೋ ಹೊಡಿಸಿಕೊಂಡು ಹ್ವಾದ್ರು. ಈಗ ಅವರಿಗೂ ಇಂಥಾದ್ದ ಕಳಸ್ತೀರೇನು? ಅದೂ ನನ್ನ ಕೈಲೆ ಹೊಲಿಸಿ?"

ಯಾರೋ ಗದರಲು ಎದ್ದರು. ಶ್ರೀಗಳು ಕೈಯೆತ್ತಿ ತಡೆದರು. ಆ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕೇಳಿದರು:

"ತಾಯಿ, ಅವತ್ತು ನಿನಗ ಏನು ಬೇಕಾಗಿತ್ತು?"

ಇಷ್ಟು ವರ್ಷಗಳಲ್ಲಿ ಆಕೆಯನ್ನು ಯಾರೂ ಹೀಗೆ ಕೇಳಿರಲಿಲ್ಲ. ಕಂಬಕ್ಕೊರಗಿ ಕುಳಿತಳು.

"ಸೂಜಿ-ದಾರ ರೀ," ಎಂದಳು. "ಕುಬಸ ಹರದಿತ್ತು. ನಮ್ಮನ್ನ ಇಟ್ಟಿದ್ದ ಸಾಲಿ ಕಟ್ಟಡದಾಗ, ಅಷ್ಟು ಗಂಡಸರ ನಡುವ, ಎಂಟು ದಿನ ಎದಿಗೆ ಕೈ ಕಟಗೊಂಡು ಕುಂತೆ. ಅನ್ನ ಕೊಟ್ರು, ಬಿಸ್ಕೀಟು ಕೊಟ್ರು. ಒಂದು ಸೂಜಿ ಯಾರೂ ಕೊಡಲಿಲ್ಲ."

"ನಮಗ ಗೊತ್ತಿರಲಿಲ್ಲವ್ವ. ಇನ್ನ ನೀ ಹೇಳಿದಂಗ," ಎಂದು ಶ್ರೀಗಳು ಗೋಡೆ ಹಿಡಿದು ಎದ್ದು, ತಾವು ಕೂತಿದ್ದ ಜಾಗವನ್ನು ಆಕೆಗೆ ಬಿಟ್ಟುಕೊಟ್ಟರು.

ಕಣ್ಣೊರೆಸಿಕೊಂಡು ಆಕೆ ಅಲ್ಲಿ ಕೂತಳು. ಮೊದಲು ಕೈಗೆ ಸಿಕ್ಕಿದ್ದೇ ನನ್ನ ಕೋಟು. "ಇದ್ಯಾರದು?" ಎಂದಳು. ನಾನು ಅದನ್ನು ಇಸಿದುಕೊಂಡು ಮನೆಗೆ ಹೋಗಿ, ನಾನು ದಿನವೂ ಹೊದೆಯುವ ರಗ್ಗನ್ನು ತಂದಿಟ್ಟೆ. ಹಾಗೆಯೇ ಒಬ್ಬೊಬ್ಬರಾಗಿ ಎದ್ದು ಹೋದರು, ಗಟ್ಟಿ ಸೀರೆಗಳನ್ನು ತಂದರು. ಸಂಜೆಯೊಳಗೆ ಪಡಸಾಲೆ ಹೆಂಗಸರಿಂದ ತುಂಬಿತು.

ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿಯುವುದು ನಮ್ಮ ಕಡೆಯ ಹೆಂಗಸರ ರೂಢಿ. ಹೊದ್ದವರ ಹೊಟ್ಟೆ ತುಂಬಿರಲೆಂದು. ನೀಲಗಂಗವ್ವ ಆ ಮೂಲೆಯ ಮೇಲೊಂದು ಕೆಂಪು ಬಟ್ಟೆಯ ಪುಟ್ಟ ಚೀಲವನ್ನೂ ಹೊಲಿಸಿದಳು. ಅದರೊಳಗೆ ದಾರ ಸುತ್ತಿದ ಒಂದು ಸೂಜಿ.

ಲಾರಿ ಹೊರಡುವ ದಿನ ಆಕೆ ಪ್ರತಿಯೊಂದು ಕೌದಿಯ ಮೂಲೆಯನ್ನೂ ಬೆರಳಿನಿಂದ ಒತ್ತಿ ನೋಡಿದಳು. ಸಾಕು ಬಿಡವ್ವ, ದಣಿದಿದ್ದೀ ಎಂದರೆ ಕೇಳಲಿಲ್ಲ.

"ಅಲ್ಲಿ ಒಬ್ಬಾಕಿ ಎದಿಗೆ ಕೈ ಕಟಗೊಂಡು ಕುಂತಿರತಾಳ್ರೀ," ಎಂದಳು.

ಲಾರಿ ಹೋದ ಮೇಲೆ ಆಕೆ ಶ್ರೀಗಳ ಪಾದಕ್ಕೆ ಹಣೆ ಹಚ್ಚಿದಳು. ಆ ಚಪ್ಪಲಿಗಳನ್ನು ಮರಳಿ ಕೇಳಲಿಲ್ಲ.