ಕೆಳಗೇರಿಯ ಬೆಲ್ಲ ನೀರು

ಹಾಲಗುಂದಿಯ ಸರ್ಜಪ್ಪ ನಾಯಕನಿಗೆ ತನ್ನ ಊರಿನ ನೀಲಿ ಬಟ್ಟೆಯೆಂದರೆ ಎಲ್ಲಿಲ್ಲದ ಹೆಮ್ಮೆ. ಕಾಲುವೆಯ ತಲೆಯಲ್ಲಿ ದೊಡ್ಡ ಬಣ್ಣದಮನೆ ಕಟ್ಟಿಸಿದ್ದ. ಅಲ್ಲಿ ಬಟ್ಟೆ ಅದ್ದುವ ತೊಟ್ಟಿಯ ಕೊಳೆನೀರೆಲ್ಲ ಕಾಲುವೆಗೇ ಬೀಳುತ್ತಿತ್ತು. ಬಿದ್ದರೆ ಬೀಳಲಿ, ನಾಯಕ ಕುಡಿಯುತ್ತಿದ್ದದ್ದು ಕೋಟೆಯೊಳಗಿನ ಬಾವಿಯ ನೀರು ತಾನೇ.

ಕಾಲುವೆ ನೀರು ಕುಡಿಯುತ್ತಿದ್ದವರು ಕೆಳಗೇರಿಯವರು. ಅಲ್ಲಿ ಮನೆಗೊಬ್ಬರು ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಬಣ್ಣದಮನೆಯಲ್ಲಿ ಬಟ್ಟೆ ಅದ್ದುವ ಸಾಕವ್ವನ ಮಗಳು ಹಾಸಿಗೆ ಹಿಡಿದು ತಿಂಗಳಾಗಿತ್ತು. ಸಾಕವ್ವ ಮೂರು ಸಲ ಅರಮನೆಗೆ ಬಂದು ಅತ್ತಳು. ಆಸ್ಥಾನದ ವೈದ್ಯ ಅಳಸಿಂಗಯ್ಯ ಕೋಟೆ ಇಳಿಯದೆಯೇ, ಆ ನೀರು ಗಂಗೆಗೆ ಸಮ, ಇವರದು ಬರೀ ಮೈಗಳ್ಳತನ ಎಂದುಬಿಟ್ಟ. ಎಂಥಾ ವೈದ್ಯ ನೋಡಿ.

ದೂರು ಕೇಳಿ ಕೇಳಿ ನಾಯಕನಿಗೆ ರೇಗಿತು. ವಿದೂಷಕ ಕಾಟಣ್ಣನನ್ನು ಕರೆಸಿದ.

"ಎಂಟು ದಿನದಲ್ಲಿ ಕೆಳಗೇರಿಯವರ ದೂರು ನಿಲ್ಲಬೇಕು. ಇಲ್ಲದಿದ್ದರೆ ನೀನು ಗಡಿ ದಾಟು. ತೊಟ್ಟಿ ನಿಲ್ಲಿಸು ಅಂತ ಮಾತ್ರ ಹೇಳಬೇಡ. ಅದು ನಿಂತರೆ ರಾಜ್ಯವೇ ನಿಂತಂತೆ."

"ಬಟ್ಟೆ ಅದ್ದುವ ಕೈಗಳೇ ಮಲಗಿದರೆ ತೊಟ್ಟಿ ತಾನಾಗೇ ನಿಲ್ಲುತ್ತೆ ಬುದ್ಧಿ," ಎಂದು ಗೊಣಗಿಕೊಂಡೇ ಕಾಟಣ್ಣ ಒಪ್ಪಿದ.

ಏಳು ದಿನ ಹಾಯಾಗಿ ಎಲೆಯಡಿಕೆ ಮೆಲ್ಲುತ್ತ ಕೂತ. ಎಂಟನೆಯ ದಿನ ಬಂದು, ತಾವೇ ಒಂದು ಸಲ ಸಾಕವ್ವನ ಮನೆಗೆ ಬಂದರೆ ಸಾಕು, ಎಲ್ಲರ ಬಾಯಿ ಮುಚ್ಚುತ್ತದೆ ಎಂದ. ನಾಯಕ ಉಬ್ಬಿಹೋದ. ವೈದ್ಯನನ್ನೂ ಬಣ್ಣದಮನೆಯ ಪಾರುಪತ್ಯಗಾರನನ್ನೂ ಕಟ್ಟಿಕೊಂಡು ಹೊರಟ.

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡಬೇಕಲ್ಲ. ಹಗೆಯಾದರೂ ಕೊಡಲೇಬೇಕು, ಬಂದವನು ಕುಡಿಯಲೇಬೇಕು. ಮುಟ್ಟದೆ ಎದ್ದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಸಾಕವ್ವ ಬೆಲ್ಲದ ಚೂರು, ತಂಬಿಗೆ ತಂದಿಟ್ಟಳು. ನಾಯಕ ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆಯೊಳಗೆ ಬಗ್ಗಿ ನೋಡಿದ. ನೀರು ಅವನ ನೀಲಿ ರುಮಾಲಿನ ಬಣ್ಣಕ್ಕೇ ಇತ್ತು. ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು.

ತನಗೆ ಬಾಯಾರಿಕೆಯಿಲ್ಲ, ವೈದ್ಯರು ಕುಡಿಯಲಿ ಎಂದ. ವೈದ್ಯ ಇವತ್ತು ಏಕಾದಶಿ ಎಂದ. ಏಕಾದಶಿ ಮೊನ್ನೆಯೇ ಮುಗಿದಿತ್ತು. ಪಾರುಪತ್ಯಗಾರನಿಗೆ ಇದ್ದಕ್ಕಿದ್ದಂತೆ ಹಲ್ಲುನೋವು ಬಂತು. ತಂಬಿಗೆ ಸುತ್ತು ಹೊಡೆದು ಮತ್ತೆ ನಾಯಕನ ಕೈಗೇ ಬಂತು. ಒಳಕೋಣೆಯಲ್ಲಿ ಹುಡುಗಿ ನರಳಿದ್ದು ಕೇಳಿಸಿತು.

"ಕುಡೀರಿ ಬುದ್ಧಿ," ಎಂದಳು ಸಾಕವ್ವ. "ನನ್ನ ಮಗಳು ದಿನಾ ಕುಡಿದದ್ದು ಇದನ್ನೇ."

ನಾಯಕ ತಂಬಿಗೆ ಕೆಳಗಿಟ್ಟ. "ಕಾಟಣ್ಣ, ಈ ನೀರನ್ನ ಮನುಷ್ಯರು ಕುಡಿಯೋದು ಹೇಗಯ್ಯ?"

ಕಾಟಣ್ಣ ಕೈಮುಗಿದ. "ಅಪ್ಪಣೆ ನೆರವೇರಿತು ಬುದ್ಧಿ. ಕೆಳಗೇರಿಯವರ ದೂರು ನಿಂತಿದೆ. ಈಗ ದೂರು ಹೇಳ್ತಿರೋರು ತಾವು."

ನಾಯಕನ ಮುಖ ಸಣ್ಣಗಾಯಿತು. ಆಮೇಲೆ ತನ್ನಷ್ಟಕ್ಕೆ ತಾನೇ ನಕ್ಕ. ಕೊಳೆನೀರಿಗೆ ಕಾಲುವೆಯಿಂದ ದೂರ ಬೇರೆ ಹೊಂಡ ತೋಡಿಸು ಎಂದು ಪಾರುಪತ್ಯಗಾರನಿಗೆ ಹೇಳಿದ. ಅವನು ತಲೆ ಕೆರೆದುಕೊಂಡು, ಏನಿಲ್ಲವೆಂದರೂ ಎರಡು ವರ್ಷ ಬೇಕು ಎಂದ.

"ಆಗಲಿ ಬುದ್ಧಿ," ಎಂದ ಕಾಟಣ್ಣ. "ಅಲ್ಲಿವರೆಗೆ ಕೋಟೆ ಬಾವಿಯ ನೀರು ಕೆಳಗೇರಿಗೆ ಬರಲಿ. ಗಂಗೆಗೆ ಸಮವಾದ ಈ ನೀರು ವೈದ್ಯರು, ಪಾರುಪತ್ಯಗಾರರು, ಇವರಿಬ್ಬರ ಮನೆಗೆ ಹೋಗಲಿ."

ಹೊಂಡ ಒಂಬತ್ತೇ ದಿನಕ್ಕೆ ಮುಗಿಯಿತು. ಗುದ್ದಲಿ ಹಿಡಿದು ಅಗೆದವರಲ್ಲಿ ವೈದ್ಯ ಅಳಸಿಂಗಯ್ಯನೇ ಮುಂದು.